ನಾಯಿ ಬೆಕ್ಕುಗಳ ಆಹಾರ: ಹಸಿಯೋ ಬೆಂದದ್ದೋ?

ಮನೆಯಲ್ಲಿ ಸಾಕಿದ ನಾಯಿ ಬೆಕ್ಕುಗಳಿಗೆ ಬೇಯಿಸಿದ ಆಹಾರವನ್ನು ಹಾಕುವುದು ಪ್ರಕೃತಿಗೆ ವಿರುದ್ಧವಾದುದೆಂದೂ, ಹಸಿ ಮಾಂಸ, ಹಸಿ ಎಲುಬು, ಹಸಿಯಾದ ಯಕೃತ್ತು ಕರುಳುಗಳೇ ಅವುಗಳ ಸಹಜವಾದ ಉಣಿಸೆಂದೂ ವಾದಿಸುವ ಒಂದು ಪಕ್ಷವು ಈಚಿನ ದಶಕಗಳಲ್ಲಿ ಪ್ರಬಲವಾಗುತ್ತ ಬಂದಿದೆ. ಆಸ್ಟ್ರೇಲಿಯದ ಪಶುವೈದ್ಯರಾದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬವರು ೧೯೯೩ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದ ಮೇಲೆ ಈ ಪಕ್ಷಕ್ಕೆ ಅನೇಕ ದೇಶಗಳಲ್ಲಿ ಅನುಯಾಯಿಗಳು ಹೆಚ್ಚಿದರು. ಹಸಿಮಾಂಸ ತಿಂದ ನಾಯಿಯ ಕೂದಲು ಹೊಳೆಯುತ್ತದೆ, ಹಲ್ಲು ಶುಭ್ರವಾಗಿರುತ್ತದೆ, ಮೈಯಲ್ಲಿ ಕಸುವು ತುಂಬುತ್ತದೆ ಎಂಬುದು ಅವರ ಅನುಭವದ ಮಾತು.

ನಮ್ಮ ಕೋತಗಿರಿಯಂತಹ ಬೆಟ್ಟದೂರಿಗೆ ಹಸಿಮಾಂಸದ ಪದ್ಧತಿ ಎರಡು ದಾರಿಗಳಿಂದ ಬಂದಿದೆ. ಒಂದು, ದೊಡ್ಡ ನಗರಗಳಿಂದ ಬಂದು ಇಲ್ಲಿ ಮನೆ ಮಾಡಿಕೊಂಡವರ ದಾರಿ. ಅವರು ಒಳ್ಳೆಯ ಜಾತಿಯ ನಾಯಿಗಳನ್ನು ಸಾಕುವವರು, ಪುಸ್ತಕ ಓದಿದವರು, ಪ್ರಾಣಿಗೆ ಉತ್ತಮವಾದುದನ್ನೇ ಕೊಡಬೇಕೆಂಬ ಹಂಬಲವುಳ್ಳವರು. ಇನ್ನೊಂದು ದಾರಿ ಬಹಳ ಹಳೆಯದು. ಅದಕ್ಕೆ ಪುಸ್ತಕವೂ ಬೇಕಿಲ್ಲ, ವಾದವೂ ಬೇಕಿಲ್ಲ. ಕಸಾಯಿ ಅಂಗಡಿಯಲ್ಲಿ ಮಾರಾಟಕ್ಕೆ ಬಾರದ ಶ್ವಾಸಕೋಶ, ಬೋಟಿಯ ಚೂರು, ಗುಳ್ಳೆಯೆದ್ದ ಯಕೃತ್ತು ಮುಂತಾದುವನ್ನು ಹಿತ್ತಲಿಗೆ ಎಸೆಯುವುದು, ಅವನ್ನು ಬೀದಿನಾಯಿಗಳು ಕಚ್ಚಾಡಿ ತಿನ್ನುವುದು, ಇಲ್ಲವೆ ಅಗ್ಗವಾಗಿ ಸಿಕ್ಕಿತೆಂದು ತಂದು ತೋಟದ ಕಾವಲು ನಾಯಿಗೆ ಹಾಗೆಯೇ ಹಾಕುವುದು. ಮೊದಲನೆಯದು ಪ್ರೀತಿಯಿಂದ ನಡೆಯುತ್ತದೆ, ಎರಡನೆಯದು ಮಿತವ್ಯಯದಿಂದ. ಎರಡರಲ್ಲಿಯೂ ಪ್ರಾಣಿಯ ಬಾಯಿಗೆ ಬೀಳುವುದು ಹಸಿಮಾಂಸವೇ. ನಾಯಿಯ ಆರೋಗ್ಯವೊಂದೇ ಇಲ್ಲಿರುವ ಪ್ರಶ್ನೆಯಾಗಿದ್ದರೆ ನಾವು ಇಷ್ಟು ವಿಸ್ತಾರವಾಗಿ ಬರೆಯುತ್ತಿರಲಿಲ್ಲ. ನಾಯಿಯ ಕೊರಳನ್ನು ತಬ್ಬಿಕೊಂಡು ಆಡುವ ಮಕ್ಕಳ ಆರೋಗ್ಯವೂ ಇದರೊಡನೆ ಹೆಣೆದುಕೊಂಡಿದೆ.

ಹಸಿಮಾಂಸ ಪಕ್ಷದವರ ಮೊದಲನೆಯ ವಾದ ನಾಯಿಯ ವಂಶವನ್ನು ಕುರಿತದ್ದು. ನಾಯಿಯು ತೋಳನ ಕುಲದ್ದು. ತೋಳವು ಒಲೆ ಹಚ್ಚುವುದಿಲ್ಲ. ಆದುದರಿಂದ ನಾಯಿಗೂ ಬೆಂದದ್ದು ಬೇಡ ಎಂದು ಅವರು ಹೇಳುತ್ತಾರೆ. ಮಾತಿನ ಮೊದಲ ಎರಡು ಭಾಗಗಳು ಸರಿ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ನಾಯಿಯು ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷಗಳಿಂದ ಬಿದ್ದುಕೊಂಡು ಅವನ ಎಂಜಲನ್ನು ಉಂಡು ಬೆಳೆದ ಪ್ರಾಣಿ. ಆ ಸಹವಾಸವು ಅದರ ಹೊಟ್ಟೆಯನ್ನೇ ಬದಲಾಯಿಸಿದೆ. ೨೦೧೩ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಹಿಟ್ಟಿನ ಅಂಶವನ್ನು ಜೀರ್ಣಿಸುವ ರಸವನ್ನು ಉಂಟುಮಾಡುವ ಒಂದು ವಂಶವಾಹಿಯು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದು ಕಂಡುಬಂತು. ರಾಗಿ ಹಿಟ್ಟನ್ನೂ ಸಾಮೆಯ ಅನ್ನವನ್ನೂ ತಿಂದು ನಮ್ಮ ಹಟ್ಟಿಗಳ ನಾಯಿಗಳು ತಲೆಮಾರುಗಳಿಂದ ಬಾಳಿ ಬಂದುದಕ್ಕೆ ಇದು ಕಾರಣ. ಹಾಗೆಂದು ಬರಿಯ ಹಿಟ್ಟು ಅದಕ್ಕೆ ಸಾಕೆಂದಲ್ಲ. ಹಿಟ್ಟು ಅದಕ್ಕೆ ವಿಷವಲ್ಲ ಎಂಬಷ್ಟೇ ಇದರ ಅರ್ಥ.

ಬೆಕ್ಕಿನ ಮಾತು ಬೇರೆ. ಬೆಕ್ಕು ನಿಜವಾಗಿಯೂ ಮಾಂಸಾಹಾರಿ. ಟೌರಿನ್ ಎಂಬ ಒಂದು ದ್ರವ್ಯವನ್ನು ಅದರ ಮೈ ಬೇಕಾದಷ್ಟು ತಯಾರಿಸಲಾರದು; ಅದು ಮಾಂಸದಿಂದಲೇ ಬರಬೇಕು. ಗಜ್ಜರಿಯಲ್ಲಿರುವ ಹಳದಿ ಬಣ್ಣದ ದ್ರವ್ಯದಿಂದ ನಾವೂ ನಾಯಿಯೂ 'ಎ' ಜೀವಸತ್ತ್ವವನ್ನು ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಆ ಶಕ್ತಿ ಇಲ್ಲ. ಹಾಗಾದರೆ ಹಾಲು ಅನ್ನವನ್ನು ಮಾತ್ರ ಹಾಕಿದ ನಮ್ಮ ಮನೆಗಳ ಬೆಕ್ಕುಗಳು ಬದುಕಿದ್ದು ಹೇಗೆ ಎಂದು ವಾಚಕರು ಕೇಳಬಹುದು. ಉತ್ತರವು ಅಟ್ಟದ ಮೇಲಿದೆ. ಬೆಕ್ಕು ನಮ್ಮ ಹಾಲನ್ನವನ್ನು ಮರ್ಯಾದೆಗಾಗಿ ಉಂಡು, ಹೊಟ್ಟೆಗಾಗಿ ಇಲಿಗಳನ್ನು ಹಿಡಿಯುತ್ತಿತ್ತು! ಇಲಿಯೊಂದು ಬೆಕ್ಕಿನ ಪಾಲಿಗೆ ಪೂರ್ಣಾಹಾರ: ಮಾಂಸ, ಎಲುಬು, ರಕ್ತ, ಯಕೃತ್ತು, ಎಲ್ಲವೂ ತಕ್ಕ ಪ್ರಮಾಣದಲ್ಲಿ ಅದರಲ್ಲಿವೆ. ಈಗ ಬೆಕ್ಕನ್ನು ಗಾಜಿನ ಕಿಟಕಿಗಳ ಒಳಗೆ ಕೂಡಿ ಹಾಲನ್ನವನ್ನೇ ಇಟ್ಟರೆ ಅದು ಕ್ರಮೇಣ ಕುರುಡಾಗಬಹುದು, ಹೃದಯ ಸೋತು ಸಾಯಬಹುದು.

ಹಸಿಮಾಂಸ ಪಕ್ಷದವರು ಇಲಿಯ ದೃಷ್ಟಾಂತವನ್ನು ತಮ್ಮ ಪರವಾಗಿ ಎತ್ತಿ ಹಿಡಿಯುವುದುಂಟು. ಆದರೆ ಅಂಗಡಿಯಿಂದ ಅರ್ಧ ಕಿಲೋ ತೂಗಿಸಿ ತಂದ ಎಲುಬಿಲ್ಲದ ಮಾಂಸವು ಇಲಿಯಲ್ಲ. ಅದರಲ್ಲಿ ರಂಜಕದ ಅಂಶ ಹೇರಳ, ಸುಣ್ಣದ ಅಂಶ ಅತ್ಯಲ್ಪ. ಒಂದು ಪಾಲು ಸುಣ್ಣಕ್ಕೆ ಹದಿನೈದು ಇಪ್ಪತ್ತು ಪಾಲು ರಂಜಕ. ಬೆಳೆಯುವ ಮರಿಗೆ ಬೇಕಾದುದು ರಂಜಕಕ್ಕಿಂತ ತುಸು ಹೆಚ್ಚು ಸುಣ್ಣ. ಬರಿಯ ಮಾಂಸವನ್ನೇ ತಿಂದ ಮರಿಯು ರಕ್ತದಲ್ಲಿ ಸುಣ್ಣ ಸಾಲದೆ ತನ್ನ ಎಲುಬುಗಳಿಂದಲೇ ಅದನ್ನು ಸಾಲ ತೆಗೆಯುತ್ತದೆ. ಸ್ವಲ್ಪ ದಿನಗಳಲ್ಲಿ ಕಾಲುಗಳು ಬಾಗುತ್ತವೆ. ಮಂಚದಿಂದ ಕೆಳಕ್ಕೆ ನೆಗೆದರೂ ಮೂಳೆ ಮುರಿಯುತ್ತದೆ. ಇದು ಹಸಿ ಮಾಂಸದ ದೋಷವೂ ಹೌದು, ಬೆಂದ ಮಾಂಸದ ದೋಷವೂ ಹೌದು. ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ. ಇನ್ನು ಕೆಲವರು ಬೆಕ್ಕಿಗೆ ಪ್ರಿಯವೆಂದು ದಿನವೂ ಯಕೃತ್ತನ್ನೇ ಹಾಕುತ್ತಾರೆ. ಅದರಿಂದ 'ಎ' ಜೀವಸತ್ತ್ವವು ಮಿತಿಮೀರಿ ಕತ್ತಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಂತಹ ಬೆಕ್ಕು ತನ್ನ ಮೈಯನ್ನು ತಾನು ನೆಕ್ಕಿಕೊಳ್ಳಲಾರದು. ಕೆಲವು ಜಾತಿಯ ಮೀನುಗಳನ್ನು ಹಸಿಯಾಗಿ ಹಾಕಿದರೆ ಅವುಗಳಲ್ಲಿರುವ ಒಂದು ಕಿಣ್ವವು 'ಬಿ೧' ಜೀವಸತ್ತ್ವವನ್ನು ನಾಶಮಾಡುತ್ತದೆ. ಅಮೆರಿಕದಲ್ಲಿ ತುಪ್ಪುಳಿಗಾಗಿ ನರಿಗಳನ್ನು ಸಾಕುತ್ತಿದ್ದವರು ಅವಕ್ಕೆ ಹಸಿ ಮೀನು ತಿನ್ನಿಸಿ, ನರಿಗಳು ಲಕ್ವ ಬಡಿದಂತಾಗಿ ಸಾಯುವುದನ್ನು ೧೯೩೦ರ ದಶಕದಲ್ಲಿ ಕಂಡರು. ಮೀನನ್ನು ಬೇಯಿಸಿದರೆ ಆ ಕಿಣ್ವವು ಅಳಿಯುತ್ತದೆ.

ಇಲ್ಲಿಗೆ ಹಸಿಮಾಂಸ ಪಕ್ಷವು ಬಿದ್ದುಹೋಯಿತೆಂದು ತಿಳಿಯಬಾರದು. ಬೆಂಕಿಯು ಆಹಾರದ ಸತ್ತ್ವವನ್ನು ಕೆಡಿಸುತ್ತದೆಂಬ ಮಾತಿಗೆ ಬಲವಾದ ಪುರಾವೆಗಳಿವೆ. ಅವುಗಳಲ್ಲಿ ಮುಖ್ಯವಾದ ಕೆಲವು ನಮ್ಮ ನೆರೆಯ ಕುನ್ನೂರಿನಲ್ಲಿಯೇ ಹುಟ್ಟಿದುವು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಕೋತಗಿರಿಯಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ೧೯೦೭ರಲ್ಲಿ ಆರಂಭವಾದ ಪ್ಯಾಶ್ಚರ್ ಸಂಸ್ಥೆಯಿದೆ. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡುವುದಕ್ಕಾಗಿ ಹುಟ್ಟಿದ ಆ ಸಂಸ್ಥೆಯ ಒಂದೇ ಒಂದು ಕೊಠಡಿಯಲ್ಲಿ, ೧೯೧೮ರಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗವನ್ನು ಕುರಿತು ಸಂಶೋಧನೆಯನ್ನು ಪ್ರಾರಂಭಿಸಿದರು. ಆ ಕೊಠಡಿಯೇ ಬೆಳೆದು ೧೯೨೮ರಲ್ಲಿ ಆಹಾರ ಸಂಶೋಧನಾಲಯವಾಯಿತು. ೧೯೫೮ರಲ್ಲಿ ಹೈದರಾಬಾದಿಗೆ ಹೋಯಿತು. ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಪ್ರಖ್ಯಾತವಾಗಿದೆ. ಮೆಕ್ಯಾರಿಸನ್ನರು ಕೋತಿಗಳಿಗೆ ಒತ್ತಡದ ಆವಿಯಲ್ಲಿ ಅತಿಯಾಗಿ ಬೇಯಿಸಿ ಸತ್ತ್ವ ತೆಗೆದ ಅನ್ನವನ್ನು ಕೊಟ್ಟು ನೋಡಿದರು. ಕೋತಿಗಳಿಗೆ ಅತಿಸಾರ ಹಿಡಿಯಿತು. ಹೊಟ್ಟೆ ಕರುಳುಗಳು ಸೊರಗಿದುವು. ಆಹಾರವು ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಪೋಷಿಸುವುದಿಲ್ಲ, ಅತಿಯಾದ ಕಾವಿನಲ್ಲಿ ಅದರೊಳಗಿನ ಜೀವಸತ್ತ್ವಗಳು ಹಾಳಾಗುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಅದೇ ಮೆಕ್ಯಾರಿಸನ್ನರು ಭಾರತದ ಬೇರೆ ಬೇರೆ ಪ್ರಾಂತಗಳ ಜನರು ಉಣ್ಣುವ ಆಹಾರಗಳನ್ನು ಇಲಿಗಳಿಗೆ ಉಣಿಸಿ ಹೋಲಿಸಿದ್ದು ಲೋಕಪ್ರಸಿದ್ಧವಾಗಿದೆ. ಸಿಖ್ಖರ ಆಹಾರವನ್ನು ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದುವು. ಅವಕ್ಕೆ ಸಿಕ್ಕುತ್ತಿದ್ದುದು ಇಡಿ ಗೋಧಿಯ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಬಂದ ಕಾಳು, ಹಸಿಯಾದ ಗಜ್ಜರಿ ಕೋಸು, ವಾರಕ್ಕೊಮ್ಮೆ ಎಲುಬು ಸಹಿತವಾದ ಸ್ವಲ್ಪ ಮಾಂಸ. ಗಮನಿಸಬೇಕಾದ ಸಂಗತಿಯೆಂದರೆ, ಇದರಲ್ಲಿ ಹಸಿಯೂ ಇದೆ, ಬೆಂದದ್ದೂ ಇದೆ. ಇಲಿಗಳ ಗೂಡುಗಳನ್ನು ಅತ್ಯಂತ ಶುಚಿಯಾಗಿಟ್ಟು, ಬಿಸಿಲು ಗಾಳಿ ಬೀಳುವಂತೆ ನೋಡಿಕೊಂಡಿದ್ದರು ಎಂಬುದನ್ನೂ ಮರೆಯಬಾರದು. ಮೆಕ್ಯಾರಿಸನ್ನರ ಉಪದೇಶವನ್ನು 'ಎಲ್ಲವನ್ನೂ ಹಸಿಯಾಗಿ ತಿನ್ನಿಸಿ' ಎಂದು ಓದುವವರು ಅದರ ಅರ್ಧವನ್ನು ಮಾತ್ರ ಓದಿದವರು.

ಬೆಕ್ಕುಗಳ ಮೇಲೆ ನಡೆದ ಇನ್ನೊಂದು ಪ್ರಯೋಗವನ್ನು ಹಸಿಮಾಂಸ ಪಕ್ಷದವರು ಆಗಾಗ್ಗೆ ಉದಾಹರಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫ್ರಾನ್ಸಿಸ್ ಪಾಟೆಂಜರ್ ಎಂಬ ವೈದ್ಯರು ೧೯೩೨ರಿಂದ ೧೯೪೨ರವರೆಗೆ, ಹತ್ತು ವರ್ಷ, ನೂರಾರು ಬೆಕ್ಕುಗಳನ್ನು ಸಾಕಿ, ಕೆಲವಕ್ಕೆ ಹಸಿ ಮಾಂಸವನ್ನೂ ಕೆಲವಕ್ಕೆ ಬೇಯಿಸಿದ ಮಾಂಸವನ್ನೂ ಹಾಕಿ ನೋಡಿದರು. ಹಸಿ ಮಾಂಸದ ಬೆಕ್ಕುಗಳು ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾಗಿ ಬಾಳಿದುವು. ಬೆಂದ ಮಾಂಸದವುಗಳ ಸಂತಾನವು ಮೊದಲನೆಯ ಪೀಳಿಗೆಯಲ್ಲಿ ಬಡಕಲಾಗಿ, ಎರಡನೆಯದರಲ್ಲಿ ರೋಗಿಷ್ಠವಾಗಿ, ಮೂರನೆಯದರ ಹೊತ್ತಿಗೆ ವಂಶವೇ ನಿಂತಿತು. ಪ್ರಯೋಗವು ಸುಳ್ಳೆಂದು ಯಾರೂ ಹೇಳಿಲ್ಲ. ಆದರೆ ಅದರ ಅರ್ಥವು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಟೌರಿನ್ ಸಾಲದಿದ್ದರೆ ಬೆಕ್ಕಿನ ಕಣ್ಣು ಕೆಡುವುದೆಂದು ಗೊತ್ತಾದದ್ದು ೧೯೭೫ರಲ್ಲಿ. ಹೃದಯವೂ ಕೆಡುವುದೆಂದು ಗೊತ್ತಾದದ್ದು ೧೯೮೭ರಲ್ಲಿ. ಟೌರಿನ್ ನೀರಿನಲ್ಲಿ ಕರಗುವ ದ್ರವ್ಯ. ಮಾಂಸವನ್ನು ಬೇಯಿಸಿದಾಗ ಅದರ ಒಂದು ದೊಡ್ಡ ಭಾಗ ರಸದೊಡನೆ ಹೊರಗೆ ಇಳಿಯುತ್ತದೆ. ಆ ರಸವನ್ನು ಚೆಲ್ಲಿದರೆ ಬೆಕ್ಕಿನ ಕಣ್ಣನ್ನೂ ಹೃದಯವನ್ನೂ ಚೆಲ್ಲಿದಂತೆಯೇ. ಪಾಟೆಂಜರರ ಬೆಕ್ಕುಗಳಿಗೆ ಬಂದ ಕೇಡಿನಲ್ಲಿ ಈ ಕೊರತೆಗೆ ದೊಡ್ಡ ಪಾಲಿತ್ತೆಂದು ಇಂದಿನ ತಜ್ಞರು ಊಹಿಸುತ್ತಾರೆ. ಹಾಗಾದರೆ ಅದಕ್ಕೆ ಪರಿಹಾರ ಹಸಿ ಮಾಂಸವೊಂದೇ ಅಲ್ಲ. ಬೇಯಿಸಿದ ರಸವನ್ನು ಚೆಲ್ಲದೆ ಮಾಂಸದೊಡನೆಯೇ ಹಾಕುವುದು, ಟೌರಿನ್ ಹೇರಳವಾಗಿರುವ ಹೃದಯದ ಮಾಂಸವನ್ನು ಆಗಾಗ್ಗೆ ಸೇರಿಸುವುದು, ಒಳಗೇ ಇರುವ ಬೆಕ್ಕಾದರೆ ಪಶುವೈದ್ಯರನ್ನು ಕೇಳಿ ಟೌರಿನನ್ನೇ ಕೊಡುವುದು, ಇವೂ ಪರಿಹಾರಗಳೇ.

ಬೇಯಿಸುವುದರಿಂದ ಆಗುವ ನಷ್ಟ ಇಂತಹುದು: ಅಳತೆಗೆ ಸಿಕ್ಕುವಂತಹುದು, ತುಂಬಿಕೊಳ್ಳಬಹುದಾದುದು. ಬೇಯಿಸದೆ ಇರುವುದರಿಂದ ಬರುವ ಅಪಾಯವೋ ಕಣ್ಣಿಗೆ ಕಾಣದುದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು ೨೦೧೦ರಿಂದ ೨೦೧೨ರವರೆಗೆ ಅಂಗಡಿಯಲ್ಲಿ ಮಾರುವ ಹಸಿಮಾಂಸದ ಪ್ರಾಣಿ ಆಹಾರದ ೧೯೬ ಮಾದರಿಗಳನ್ನು ಪರೀಕ್ಷಿಸಿದರು. ೧೫ರಲ್ಲಿ ಸಾಲ್ಮೊನೆಲ್ಲ, ೩೨ರಲ್ಲಿ ಲಿಸ್ಟೀರಿಯ ಎಂಬ ರೋಗಾಣುಗಳು ಸಿಕ್ಕಿದುವು. ಕಾಯಿಸಿ ಒಣಗಿಸಿದ ಆಹಾರಗಳಲ್ಲಿ ಅವು ಬಹಳ ಅಪರೂಪವಾಗಿದ್ದುವು. ಅದೇ ೨೦೧೨ರಲ್ಲಿ ಅಮೆರಿಕದ ಪಶುವೈದ್ಯ ಸಂಘವು ನಾಯಿ ಬೆಕ್ಕುಗಳಿಗೆ ಹಸಿ ಮಾಂಸ, ಹಸಿ ಮೊಟ್ಟೆ, ಕಾಯಿಸದ ಹಾಲುಗಳನ್ನು ಕೊಡಬಾರದೆಂದು ಸಲಹೆಯಿತ್ತಿತು. ನಾಯಿಗೆ ಅಂತಹ ರೋಗಾಣುವಿನಿಂದ ಏನೂ ಆಗದೆ ಇರಬಹುದು. ಅದರ ಹೊಟ್ಟೆಯ ಆಮ್ಲವು ಬಲವಾದುದು. ಆದರೆ ಅದು ತನ್ನ ಮಲದೊಡನೆ ರೋಗಾಣುಗಳನ್ನು ಹೊರಹಾಕುತ್ತ, ಅದೇ ಬಾಯಿಂದ ಮಗುವಿನ ಕೆನ್ನೆಯನ್ನು ನೆಕ್ಕುತ್ತ ಇರುತ್ತದೆ.

ಹಸಿಮಾಂಸ ಹಾಕುವವರಲ್ಲಿ ಸಾವಿರಾರು ಮನೆಗಳನ್ನು ಕೇಳಿ ಫಿನ್ಲೆಂಡಿನ ವಿದ್ವಾಂಸರು ಒಂದು ಸಮೀಕ್ಷೆಯನ್ನು ೨೦೧೯ರಲ್ಲಿ ಪ್ರಕಟಿಸಿದರು. ಅದರಿಂದ ಮನೆಯವರಿಗೆ ರೋಗ ತಗಲಿತೆಂದವರು ಅತಿ ಸ್ವಲ್ಪ ಜನ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಆದರೆ ಹೊಟ್ಟೆನೋವು ಬಂದವನು ಅದು ನಾಯಿಯ ತಟ್ಟೆಯಿಂದ ಬಂದುದೆಂದು ಗುರುತಿಸುವುದು ಕಡಿಮೆ. ಅಲ್ಲದೆ ಕೊಂದ ಪ್ರಾಣಿಯನ್ನು ವೈದ್ಯರು ಪರೀಕ್ಷಿಸಿ ಮುದ್ರೆಯೊತ್ತಿದ ಮಾಂಸವೂ, ಬೀದಿಯ ಬದಿಯಲ್ಲಿ ಕೊಯ್ದು ನೊಣ ಮುತ್ತಿದ ಮಾಂಸವೂ ಒಂದೇ ಆಗಲಾರವು.

ಹಿಮಗಟ್ಟಿಸಿದರೆ ಸಾಕು, ರೋಗಾಣು ಸಾಯುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕೆಲವು ಹುಳುಗಳ ಮರಿಗಳು ದೀರ್ಘಕಾಲದ ಶೈತ್ಯದಲ್ಲಿ ಸಾಯುವುದುಂಟು. ಸಾಲ್ಮೊನೆಲ್ಲ ಸಾಯದು, ನಿದ್ರಿಸುತ್ತದೆ ಅಷ್ಟೆ. ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಆರೆಗನ್ ಪ್ರಾಂತದಲ್ಲಿ, ಮನೆಯಿಂದ ಹೊರಗೆ ಹೋಗದ ಒಂದು ಬೆಕ್ಕು ಹಿಮಗಟ್ಟಿದ ಹಸಿ ಕೋಳಿಜಾತಿಯ ಮಾಂಸವನ್ನು ತಿಂದು ಹಕ್ಕಿಜ್ವರದಿಂದ ಸತ್ತಿತು. ಪೊಟ್ಟಣದಲ್ಲಿಯೂ ಬೆಕ್ಕಿನಲ್ಲಿಯೂ ಅದೇ ವೈರಸ್ಸು ಸಿಕ್ಕಿತು. ಅದೇ ತಿಂಗಳು ನಮ್ಮ ದೇಶದ ನಾಗಪುರದ ಬಳಿಯ ಗೋರೆವಾಡ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಅದೇ ರೋಗಕ್ಕೆ ಬಲಿಯಾದುವು. ಬೆಕ್ಕಿನ ಕುಲಕ್ಕೆ ಈ ರೋಗವು ಬಹಳ ಕ್ರೂರವಾದುದು. ಹಕ್ಕಿಜ್ವರದ ಸುದ್ದಿ ಇರುವ ಕಾಲದಲ್ಲಿ ಹಸಿ ಕೋಳಿಯನ್ನು ಬೆಕ್ಕಿಗೆ ಹಾಕುವುದು ಎಷ್ಟು ಮಾತ್ರಕ್ಕೂ ಕೂಡದು.

ಇವೆಲ್ಲಕ್ಕಿಂತಲೂ ನಮ್ಮ ಸೀಮೆಯವರು ಮುಖ್ಯವಾಗಿ ತಿಳಿದಿರಬೇಕಾದುದು ಹೈಡಾಟಿಡ್ ರೋಗವನ್ನು. ನಾಯಿಯ ಕರುಳಿನಲ್ಲಿ ವಾಸಿಸುವ ಒಂದು ಪುಟ್ಟ ಲಾಡಿಹುಳು ಇದಕ್ಕೆ ಕಾರಣ. ಹುಳುವಿನ ಉದ್ದ ಆರು ಏಳು ಮಿಲಿಮೀಟರಿಗೆ ಮೀರುವುದಿಲ್ಲ. ಒಂದೊಂದು ನಾಯಿಯಲ್ಲಿ ಸಾವಿರಗಟ್ಟಲೆ ಇದ್ದರೂ ನಾಯಿಯು ಆರೋಗ್ಯವಾಗಿಯೇ ಓಡಾಡುತ್ತದೆ. ಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಹುಲ್ಲಿನ ಮೇಲೆ ಬೀಳುತ್ತವೆ. ಕುರಿ, ಆಡು, ದನ, ಎಮ್ಮೆಗಳು ಆ ಹುಲ್ಲನ್ನು ಮೇಯುತ್ತವೆ. ಅವುಗಳ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಮೊಟ್ಟೆಯಿಂದ ಹೊರಟ ಮರಿಯು ಒಂದು ನೀರುಗುಳ್ಳೆಯಾಗಿ ಬೆಳೆಯುತ್ತದೆ. ಆ ಗುಳ್ಳೆಯೊಳಗೆ ಮರಳಿನಂತೆ ಕಾಣುವ ಕಣಗಳಿರುತ್ತವೆ. ಒಂದೊಂದು ಕಣವೂ ಮುಂದಿನ ಹುಳುವಿನ ತಲೆ. ಕಸಾಯಿಯವನು ಇಂತಹ ಯಕೃತ್ತನ್ನು ಮಾರಲಾರದೆ ನಾಯಿಗೆ ಎಸೆಯುತ್ತಾನೆ. ನಾಯಿಯು ಅದನ್ನು ಹಸಿಯಾಗಿ ತಿಂದ ಆರು ಏಳು ವಾರಗಳಲ್ಲಿ ಅದರ ಮಲದಲ್ಲಿ ಮತ್ತೆ ಮೊಟ್ಟೆಗಳು ಬೀಳತೊಡಗುತ್ತವೆ. ಚಕ್ರವು ಪೂರ್ತಿಯಾಯಿತು.

ಈ ಚಕ್ರದೊಳಕ್ಕೆ ಮನುಷ್ಯನು ಕರೆಯದೆ ಹೋಗಿ ಸಿಕ್ಕಿಬೀಳುತ್ತಾನೆ. ನಾಯಿಯ ಕೂದಲಿಗೆ ಅಂಟಿದ ಮೊಟ್ಟೆ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ತೋಟದಲ್ಲಿ ಕಿತ್ತ ಗಜ್ಜರಿಯನ್ನು ಲಂಗಕ್ಕೋ ಚಡ್ಡಿಗೋ ಒರಸಿ ಅಲ್ಲಿಯೇ ಕಡಿದು ತಿನ್ನದ ಮಗು ನಮ್ಮ ಬೆಟ್ಟದಲ್ಲಿ ಯಾವುದಿದೆ? ಆ ಮಣ್ಣಿನಲ್ಲಿ ನಾಯಿಯ ಮಲವಿದ್ದರೆ ಮೊಟ್ಟೆಯೂ ಒಳಗೆ ಹೋಯಿತು. ಆಮೇಲೆ ವರ್ಷಗಟ್ಟಲೆ ಏನೂ ತೋರುವುದಿಲ್ಲ. ಗುಳ್ಳೆಯು ನಿಧಾನವಾಗಿ, ಯಾವ ನೋವನ್ನೂ ಕೊಡದೆ ಬೆಳೆಯುತ್ತ ಹೋಗುತ್ತದೆ. ಹತ್ತು ವರ್ಷದ ಹುಡುಗಿ ನುಂಗಿದ ಮೊಟ್ಟೆಯು ಅವಳು ತಾಯಿಯಾದ ಮೇಲೆ ಹೊಟ್ಟೆಯ ಬಲಪಕ್ಕದಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳಬಹುದು. ಆಗ ಔಷಧವೂ ಬೇಕು, ಹಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು. ಗುಳ್ಳೆಯು ಒಳಗೇ ಒಡೆದರೆ ಪ್ರಾಣಕ್ಕೇ ಅಪಾಯ. ತಮಿಳುನಾಡು, ಆಂಧ್ರ ಮುಂತಾದ ಪ್ರಾಂತಗಳಲ್ಲಿ ಮನುಷ್ಯರಲ್ಲಿಯೂ ಸಾಕುಪ್ರಾಣಿಗಳಲ್ಲಿಯೂ ಈ ರೋಗವಿರುವುದನ್ನು ವೈದ್ಯರು ಬಹುಕಾಲದಿಂದ ದಾಖಲಿಸುತ್ತ ಬಂದಿದ್ದಾರೆ.

ಈ ರೋಗವನ್ನು ಗೆದ್ದ ನಾಡುಗಳಿವೆ, ಮತ್ತು ಗೆದ್ದ ಬಗೆಯು ಶಾಲೆಗಳಿಗೆ ಸಂಬಂಧಪಟ್ಟವರಿಗೆ ವಿಶೇಷವಾಗಿ ಸಂತೋಷವನ್ನು ಕೊಡುವಂತಹುದು. ಐಸ್‌ಲೆಂಡ್ ಒಂದು ಶೀತದ್ವೀಪ; ಕುರಿಸಾಕಣೆಯೇ ಅಲ್ಲಿನ ಜೀವನ; ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಪಂಚದಲ್ಲಿ ಈ ರೋಗವು ಅತಿಯಾಗಿ ಹಬ್ಬಿದ್ದ ದೇಶಗಳಲ್ಲಿ ಅದೂ ಒಂದಾಗಿತ್ತು. ಡೆನ್ಮಾರ್ಕಿನಿಂದ ಹೆರಾಲ್ಡ್ ಕ್ರಾಬೆ ಎಂಬ ವಿದ್ವಾಂಸರು ೧೮೬೩ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ೧೮೬೪ರಲ್ಲಿ ಒಂದು ಸಣ್ಣ ಕಿರುಹೊತ್ತಗೆಯನ್ನು ಬರೆದರು. ಕುರಿಯ ಒಳಾಂಗಗಳನ್ನು ನಾಯಿಗೆ ಹಾಕಬೇಡಿ, ಸುಡಿರಿ ಅಥವಾ ಹೂಳಿರಿ ಎಂಬುದು ಅದರ ತಿರುಳು. ಅದನ್ನು ಮನೆಮನೆಗೂ ಹಂಚಿದರು. ಓದುಬರಹ ಬಲ್ಲ ಜನ; ದೀರ್ಘವಾದ ಚಳಿಗಾಲದ ರಾತ್ರಿಗಳು; ಮನೆಯವರೆಲ್ಲ ಕುಳಿತು ಓದಿದರು. ೧೮೬೯ರಲ್ಲಿ ಶಾಸನವೂ ಬಂತು. ಆಗ ನಾಯಿಯ ಹುಳುವಿಗೆ ನಂಬತಕ್ಕ ಔಷಧವಿರಲಿಲ್ಲ, ಕ್ಷಕಿರಣವೂ ಇರಲಿಲ್ಲ. ಆದರೂ ಆಮೇಲೆ ಹುಟ್ಟಿದ ತಲೆಮಾರುಗಳಲ್ಲಿ ರೋಗವು ಇಳಿಯುತ್ತ ಹೋಗಿ ಕೊನೆಗೆ ದ್ವೀಪದಿಂದಲೇ ಅಳಿಯಿತು. ನ್ಯೂಜಿಲೆಂಡಿನವರೂ ಇದೇ ದಾರಿಯನ್ನು ಹಿಡಿದು, ೧೯೫೯ರ ಶಾಸನದ ಮೂಲಕ ನಾಯಿಗಳಿಗೆ ಕಡ್ಡಾಯವಾಗಿ ಹುಳು ತೆಗೆಸಿ, ಹಸಿ ಒಳಾಂಗಗಳನ್ನು ನಿಷೇಧಿಸಿ, ೨೦೦೨ರಲ್ಲಿ ತಮ್ಮ ದೇಶವು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಸಾರಿದರು.

ಬೆಕ್ಕಿನಿಂದ ಬರುವ ಇಂತಹುದೇ ಇನ್ನೊಂದು ರೋಗ ಟಾಕ್ಸೊಪ್ಲಾಸ್ಮ. ಇಲಿಯಿಂದಲೋ ಹಸಿಮಾಂಸದಿಂದಲೋ ಬೆಕ್ಕಿಗೆ ಇದು ತಗಲುತ್ತದೆ. ಮೊದಲ ಬಾರಿ ತಗಲಿದಾಗ ಒಂದೆರಡು ವಾರ ಅದರ ಮಲದಲ್ಲಿ ಅಣುಕೋಶಗಳು ಬೀಳುತ್ತವೆ. ಗರ್ಭಿಣಿಯರಿಗೆ ಇದು ತಗಲಿದರೆ ಗರ್ಭದಲ್ಲಿರುವ ಶಿಶುವಿನ ಕಣ್ಣಿಗೂ ಮಿದುಳಿಗೂ ಹಾನಿಯಾಗಬಹುದು. ಕೋಶಗಳು ರೋಗ ತರುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಆದುದರಿಂದ ಬೆಕ್ಕಿನ ಮಲವನ್ನು ಪ್ರತಿದಿನವೂ, ಗರ್ಭಿಣಿಯಲ್ಲದ ಬೇರೊಬ್ಬರು, ತೆಗೆದುಬಿಡುವುದು ಒಳ್ಳೆಯದು.

ಹಸಿಮಾಂಸ ತಿಂದ ನಾಯಿಗೆ ಹುಚ್ಚು ಹಿಡಿಯುತ್ತದೆಂಬ ಮಾತು ಮಾತ್ರ ನಿರಾಧಾರವಾದುದು. ನಾಯಿಯ ಹುಚ್ಚು ಒಂದು ವೈರಸ್ಸಿನಿಂದ, ಹುಚ್ಚು ಹಿಡಿದ ಪ್ರಾಣಿಯ ಕಡಿತದಿಂದ ಬರತಕ್ಕದ್ದು. ಈ ತಪ್ಪು ನಂಬಿಕೆಯಿಂದ ಆಗುವ ಕೇಡೇನೆಂದರೆ, ತಮ್ಮ ನಾಯಿಗೆ ಮಾಂಸವನ್ನೇ ಹಾಕದವರು ಅದಕ್ಕೆ ಲಸಿಕೆಯೂ ಬೇಡವೆಂದು ಸುಮ್ಮನಿರುತ್ತಾರೆ.

ನಮ್ಮ ಬೆಟ್ಟಕ್ಕೇ ವಿಶೇಷವಾದ ಒಂದು ಕಾರಣವೂ ಇದೆ. ಕೋತಗಿರಿಯ ಸುತ್ತಣ ತೇಯಿಲೆ ತೋಟಗಳ ಅಂಚಿಗೇ ಕಾಡು ಬಂದು ನಿಂತಿದೆ. ರಾತ್ರಿಯ ಹೊತ್ತು ಚಿರತೆ ಕರಡಿಗಳು ವಸತಿಯೊಳಗೆ ಸುಳಿದಾಡುವ ಸುದ್ದಿ ಇಲ್ಲಿ ಹೊಸತಲ್ಲ. ಅಂಗಳದಲ್ಲಿ ನಾಯಿಗೆಂದು ಇಟ್ಟ ಹಸಿ ಮಾಂಸದ ವಾಸನೆಯೂ, ಓಣಿಯ ಕೊನೆಯಲ್ಲಿ ಎಸೆದ ಬೋಟಿಯ ರಾಶಿಯೂ ಅವಕ್ಕೆ ಕೊಟ್ಟ ಆಮಂತ್ರಣವೇ ಸರಿ. ಚಿರತೆಗೆ ಮೊದಲು ಮಾಂಸ, ಆಮೇಲೆ ಆ ಮಾಂಸವನ್ನು ತಿನ್ನಲು ಬಂದ ನಾಯಿ.

ಇನ್ನು ಮಾಡತಕ್ಕದ್ದೇನು? ಮಾಂಸವನ್ನು ಹಾಕುವವರು ಧಾರಾಳವಾಗಿ ಹಾಕಲಿ, ಬೇಯಿಸಿ ಹಾಕಲಿ. ಮಾಂಸಕ್ಕೆ ಅದು ಮುಳುಗುವಷ್ಟೇ ನೀರು ಹಾಕಿ, ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿದರೆ ಸಾಕು. ಗಂಟೆಗಟ್ಟಲೆ ಕುದಿಸಿ ಸತ್ತ್ವ ತೆಗೆಯಬೇಕಾಗಿಲ್ಲ. ಯಕೃತ್ತು ಶ್ವಾಸಕೋಶಗಳನ್ನು ಮಾತ್ರ ಸಣ್ಣದಾ‌ಗಿ ಹೆಚ್ಚಿ, ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ನಾಯಿಯಾದರೆ ಆ ರಸದಲ್ಲಿಯೇ ರಾಗಿ ಹಿಟ್ಟನ್ನೋ ಅನ್ನವನ್ನೋ ಕಲಸಬಹುದು. ಒಂದಿಷ್ಟು ಗಜ್ಜರಿ, ಹುರುಳಿಕಾಯಿ ಸೇರಿಸಬಹುದು. ಈರುಳ್ಳಿ ಬೆಳ್ಳುಳ್ಳಿಗಳನ್ನು ಸೇರಿಸಬಾರದು. ಅವು ನಾಯಿಗೂ ಬೆಕ್ಕಿಗೂ ರಕ್ತವನ್ನು ಕೆಡಿಸುತ್ತವೆ. ಬೆಂದ ಎಲುಬನ್ನೂ ಹಾಕಬಾರದು. ಅದು ಸೀಳಿ ಮುಳ್ಳಿನಂತಾಗಿ ಕರುಳಿಗೆ ಚುಚ್ಚುತ್ತದೆ. ಹಸಿಮಾಂಸ ಪಕ್ಷದವರು ಬಹುಕಾಲದಿಂದ ಕೂಗಿ ಹೇಳುತ್ತಿರುವ ಈ ಒಂದು ಮಾತನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಎಲುಬಿನ ಬದಲು ಸುಣ್ಣಕ್ಕಾಗಿ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಬೀಸಿ ಇಟ್ಟುಕೊಳ್ಳಬಹುದು. ಒಂದು ಚಿಪ್ಪಿನಲ್ಲಿ ಸುಮಾರು ೨ ಗ್ರಾಂ ಸುಣ್ಣದ ಅಂಶವಿರುತ್ತದೆ. ಎಷ್ಟು ಹಾಕಬೇಕೆಂಬುದು ನಾಯಿಯ ತೂಕವನ್ನೂ ವಯಸ್ಸನ್ನೂ ಅವಲಂಬಿಸಿದ್ದು. ಮರಿಗಳ ವಿಷಯದಲ್ಲಿ ಊಹೆಯಿಂದ ನಡೆಯದೆ ಪಶುವೈದ್ಯರನ್ನು ಕೇಳುವುದೇ ಲೇಸು. ಬೆಕ್ಕಿಗೆ ಅನ್ನವು ನೆಪಮಾತ್ರ. ಮಾಂಸ, ಮೀನು, ಅವುಗಳ ರಸ, ವಾರಕ್ಕೊಮ್ಮೆ ಚೂರು ಯಕೃತ್ತು, ಇವು ಮುಖ್ಯ.

ಲಾಡಿಹುಳುವಿಗೆ ಇಂದು ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಮಾತ್ರೆ ಪಶುವೈದ್ಯಶಾಲೆಗಳಲ್ಲಿ ದೊರೆಯುತ್ತದೆ. ಅದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಗಳನ್ನು ಕೊಲ್ಲದು. ಮಾತ್ರೆ ಕೊಟ್ಟ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮಲವನ್ನು ಹೂಳಬೇಕು ಅಥವಾ ಸುಡಬೇಕು. ಕಸಾಯಿ ಅಂಗಡಿಯವರಿಗೂ ಒಂದು ಮಾತು ಹೇಳಬೇಕಾಗಿದೆ. ನೀರುಗುಳ್ಳೆಯಿರುವ ಯಕೃತ್ತು ಶ್ವಾಸಕೋಶಗಳನ್ನು, ಗುಳ್ಳೆಯನ್ನು ಒಡೆಯದೆ, ಸುಟ್ಟುಬಿಡುವುದು ಎಲ್ಲಕ್ಕಿಂತ ಉತ್ತಮ. ನಮ್ಮ ಮಳೆಗಾಲದಲ್ಲಿ ಹಸಿ ಸೌದೆ ಉರಿಯುವುದಿಲ್ಲವಾದರೆ ಮೂರು ನಾಲ್ಕು ಅಡಿ ಆಳದ ಗುಂಡಿಯಲ್ಲಿ ಹೂಳಿ, ಮೇಲೆ ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿ, ಕಾಡುಹಂದಿಯೂ ನಾಯಿಯೂ ಕೆದಕದಂತೆ ಭಾರವಾದ ಕಲ್ಲುಗಳನ್ನು ಹೇರಬೇಕು.